ಆರು ತಿಂಗಳಿಗೆಂದು ಕಟ್ಟಿದ ಕಬ್ಬಿಣದ ಚೂರು

ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸ್. ಆ ನಗರದ ಉತ್ತರದ ಅಂಚಿನಲ್ಲಿ ಹೈಸೆಲ್ ಎಂಬ ಎತ್ತರದ ಬಯಲಿದೆ. ಅಲ್ಲಿಗೆ ಬಂದಿಳಿದವರ ಕಣ್ಣಿಗೆ ಮೊದಲು ಬೀಳುವುದು ಮರಗಳ ನೆತ್ತಿಯ ಮೇಲೆ ಕನ್ನಡಿಯಂತೆ ಹೊಳೆಯುವ ಗೋಳಗಳು. ಒಂದಲ್ಲ, ಎರಡಲ್ಲ, ಒಟ್ಟು ಒಂಬತ್ತು. ಒಂದೊಂದರ ವ್ಯಾಸ 18 ಮೀಟರ್, ಅಂದರೆ ಆರು ಅಂತಸ್ತಿನ ಮನೆಯಷ್ಟು ಎತ್ತರ. ಗೋಳದಿಂದ ಗೋಳಕ್ಕೆ ದಪ್ಪ ದಪ್ಪ ಕೊಳವೆಗಳ ಜೋಡಣೆ. ನೆಲದಿಂದ ತುದಿಯ ತನಕ 102 ಮೀಟರ್. ದೈತ್ಯ ಮಗುವೊಂದು ಆಟವಾಡಿ ಹಾಗೆಯೇ ಬಿಟ್ಟುಹೋದ ಬೊಂಬೆಯಂತೆ ಕಾಣುವ ಈ ಕಟ್ಟಡದ ಹೆಸರು ಆಟೋಮಿಯಂ.

ಇದನ್ನು ನೋಡಿದವರಲ್ಲಿ ಹೆಚ್ಚಿನವರು 'ಇದು ಪರಮಾಣುವಿನ ಆಕಾರ' ಎಂದು ತಿಳಿದು ಹೊರಟುಹೋಗುತ್ತಾರೆ. ಹೆಸರೂ ಹಾಗೆಯೇ ಇದೆಯಲ್ಲ! ಆದರೆ ಅದು ತಪ್ಪು. ಆಟೋಮಿಯಂ ಪರಮಾಣುವಿನ ಮಾದರಿ ಅಲ್ಲ. ಅದು ಒಂದು ಚೂರು ಕಬ್ಬಿಣದ ಮಾದರಿ. ಕಬ್ಬಿಣದೊಳಗೆ ಪರಮಾಣುಗಳು ಹೇಗೆ ಸಾಲುಗೂಡಿ ನಿಂತಿರುತ್ತವೆ ಎಂಬುದನ್ನು 16,500 ಕೋಟಿ ಪಟ್ಟು ಹಿಗ್ಗಿಸಿ ತೋರಿಸುವ ಮಾದರಿ. ಮನೆಯ ಗೋಡೆಗೆ ಬಡಿದ ಮೊಳೆಯೊಳಗೂ, ಬಾವಿಯ ರಾಟೆಯೊಳಗೂ ಇರುವುದು ಇದೇ ಜೋಡಣೆ. ಈ ಒಂದು ತಿದ್ದುಪಡಿಯನ್ನು ಮಾಡಿಕೊಂಡು ನೋಡಿದರೆ, ಆ ಕಟ್ಟಡ ಹೇಳುವ ಕಥೆ ಬೇರೆಯೇ ಆಗುತ್ತದೆ.

ಜಾತ್ರೆ ಮುಗಿದ ಮೇಲೆ

ಜಾತ್ರೆಗೆ ಹಾಕಿದ ಚಪ್ಪರವನ್ನು ಜಾತ್ರೆ ಮುಗಿದ ಮೇಲೆ ಬಿಚ್ಚುವುದು ವಾಡಿಕೆ. ವಿಶ್ವ ವಸ್ತುಪ್ರದರ್ಶನಗಳಿಗೂ ಇದೇ ನಿಯಮ. ದೇಶ ದೇಶಗಳು ಬಂದು ಮಂಟಪಗಳನ್ನು ಕಟ್ಟುತ್ತವೆ, ಕೆಲವು ತಿಂಗಳು ಜನ ಕಿಕ್ಕಿರಿಯುತ್ತಾರೆ, ಬಳಿಕ ಎಲ್ಲವೂ ನೆಲಸಮ. 1851ರ ಲಂಡನ್ ಪ್ರದರ್ಶನಕ್ಕಾಗಿ ಎದ್ದ ಗಾಜಿನ ಅರಮನೆಯನ್ನು ಬಿಚ್ಚಿ ಬೇರೆಡೆ ಮತ್ತೆ ಜೋಡಿಸಿದರು. ಅದೂ 1936ರಲ್ಲಿ ಬೆಂಕಿಗೆ ಆಹುತಿಯಾಯಿತು. 1889ರ ಪ್ಯಾರಿಸ್ ಪ್ರದರ್ಶನದ ಐಫೆಲ್ ಗೋಪುರಕ್ಕೆ ಕೊಟ್ಟ ಆಯುಸ್ಸು 20 ವರ್ಷ. ರೇಡಿಯೊ ಸಂದೇಶ ಕಳಿಸಲು ಅಷ್ಟು ಎತ್ತರದ ಕಂಬ ಬೇರೆ ಇರಲಿಲ್ಲವಾದ್ದರಿಂದ ಅದು ಬದುಕಿಕೊಂಡಿತು.

ಬ್ರಸೆಲ್ಸಿನ ಪ್ರದರ್ಶನ ನಡೆದದ್ದು 1958ರ ಏಪ್ರಿಲ್ 17ರಿಂದ ಅಕ್ಟೋಬರ್ 19ರವರೆಗೆ. ಎರಡನೆಯ ಮಹಾಯುದ್ಧದ ನಂತರದ ಮೊದಲ ದೊಡ್ಡ ವಿಶ್ವ ಪ್ರದರ್ಶನ ಅದು. ಆರು ತಿಂಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ಮಂದಿ ಬಂದು ನೋಡಿದರು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಪೈಪೋಟಿಯ ಮೇಲೆ ಮಂಟಪ ಕಟ್ಟಿದ್ದವು. ಹಿಂದಿನ ವರ್ಷವಷ್ಟೇ ಆಕಾಶಕ್ಕೆ ಹಾರಿದ್ದ ಸ್ಪುಟ್ನಿಕ್ಕಿನ ಪ್ರತಿಕೃತಿ ಸೋವಿಯತ್ ಮಂಟಪದಲ್ಲಿತ್ತು. ಚಂಡೀಗಢ ನಗರವನ್ನು ರೂಪಿಸಿದ ಲ ಕಾರ್ಬೂಸಿಯೇ ಅಲ್ಲಿ ಫಿಲಿಪ್ಸ್ ಕಂಪನಿಗೆ ಡೇರೆಯಂತೆ ಬಾಗಿದ ಕಾಂಕ್ರೀಟ್ ಮಂಟಪವೊಂದನ್ನು ಕಟ್ಟಿಸಿಕೊಟ್ಟಿದ್ದರು. ವಾಸ್ತುಶಿಲ್ಪ ಕಲಿಯುವವರು ಇಂದಿಗೂ ಅದರ ಚಿತ್ರ ನೋಡುತ್ತಾರೆ. ಚಿತ್ರವೇ ಗತಿ, ಏಕೆಂದರೆ ಆ ಮಂಟಪವನ್ನು 1959ರಲ್ಲೇ ಒಡೆದುಹಾಕಿದರು.

ಆಟೋಮಿಯಂಗೂ ಅದೇ ಗತಿ ನಿಶ್ಚಯವಾಗಿತ್ತು. ಆರು ತಿಂಗಳ ಮಟ್ಟಿಗೆ ಮಾತ್ರ ಎಂದು ಕಟ್ಟಿದ ಕಟ್ಟಡ ಅದು. ಆದರೆ ಜನ ಅದನ್ನು ಮೆಚ್ಚಿಕೊಂಡುಬಿಟ್ಟರು. ಕೆಡವುವ ದಿನವನ್ನು ಮುಂದೂಡುತ್ತ ಮುಂದೂಡುತ್ತ ಕೊನೆಗೆ ಕೆಡವುವ ಮಾತೇ ಮರೆತುಹೋಯಿತು.

ಎಂಜಿನಿಯರ್ ಆರಿಸಿದ ಕಬ್ಬಿಣ

ಈ ಕಲ್ಪನೆ ಆಂದ್ರೆ ವಾಟರ್‌ಕೈನ್ ಎಂಬ ಎಂಜಿನಿಯರ್‌ರದು. ಅವರು ಹುಟ್ಟಿದ್ದು 1917ರಲ್ಲಿ, ಇಂಗ್ಲೆಂಡಿನ ವಿಂಬಲ್ಡನ್ನಿನಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಅವರ ತಂದೆತಾಯಿ ಬೆಲ್ಜಿಯಂ ಬಿಟ್ಟು ಅಲ್ಲಿಗೆ ಆಶ್ರಯ ಬೇಡಿ ಹೋಗಿದ್ದರು. ಮುಂದೆ ವಾಟರ್‌ಕೈನ್ ಬೆಲ್ಜಿಯಂನ ಲೋಹ ಕೈಗಾರಿಕೆಗಳ ಒಕ್ಕೂಟದಲ್ಲಿ ಅಧಿಕಾರಿಯಾದರು. ಪ್ರದರ್ಶನಕ್ಕೆ ಲೋಹ ಕೈಗಾರಿಕೆಯ ಪರವಾಗಿ ಏನಾದರೂ ಮಾಡಬೇಕೆಂಬ ಮಾತು ಬಂದಾಗ, ಐಫೆಲ್ ಗೋಪುರವನ್ನು ತಲೆಕೆಳಗಾಗಿ ನಿಲ್ಲಿಸೋಣವೆಂಬ ಸಲಹೆಯೂ ಬಂದಿತ್ತಂತೆ. ವಾಟರ್‌ಕೈನ್‌ರಿಗೆ ಅದು ಹಿಡಿಸಲಿಲ್ಲ. ಅವರು ಗೋಪುರದ ಆಕಾರವನ್ನು ಬಿಟ್ಟು, ಗೋಪುರ ಯಾವುದರಿಂದ ಆಗಿದೆಯೋ ಆ ಕಬ್ಬಿಣದ ಒಳಗನ್ನೇ ತೋರಿಸಲು ಹೊರಟರು. ಆಂದ್ರೆ ಪೊಲಾಕ್ ಮತ್ತು ಜಾನ್ ಪೊಲಾಕ್ ಎಂಬ ವಾಸ್ತುಶಿಲ್ಪಿ ಸಹೋದರರು ಅವರಿಗೆ ಜೊತೆಯಾದರು.

ಕಬ್ಬಿಣವನ್ನು ಆರಿಸಿದ್ದಕ್ಕೆ ಕಾರಣವಿತ್ತು. ಯೂರೋಪ್ ಖಂಡದ ನೆಲದ ಮೇಲೆ ಎಲ್ಲರಿಗಿಂತ ಮೊದಲು ಕೈಗಾರಿಕೀಕರಣಗೊಂಡ ದೇಶಗಳಲ್ಲಿ ಬೆಲ್ಜಿಯಂ ಒಂದು. ಕಲ್ಲಿದ್ದಲು ಮತ್ತು ಕಬ್ಬಿಣ ಆ ಪುಟ್ಟ ದೇಶಕ್ಕೆ ಅನ್ನ ಕೊಟ್ಟವು. ಹೊಸ ಕಟ್ಟಡದ ಎಲುಬುಗೂಡು ಉಕ್ಕಿನದು, ಮೈಮೇಲಿನ ಹೊದಿಕೆ ಆಗ ಹೊಸಗಾಲದ ಲೋಹವೆನಿಸಿದ್ದ ಅಲ್ಯೂಮಿನಿಯಂನದು. ಆಟಂ ಮತ್ತು ಅಲ್ಯೂಮಿನಿಯಂ ಎರಡೂ ಕೂಡಿ ಆಟೋಮಿಯಂ ಎಂಬ ಹೆಸರಾಯಿತು.

ಕಾಣದ್ದನ್ನು ಕಂಡದ್ದು ಹೇಗೆ?

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬ ಕೇಳಬಹುದು: ಕಬ್ಬಿಣದೊಳಗೆ ಪರಮಾಣುಗಳು ಹೀಗೆಯೇ ನಿಂತಿವೆ ಎಂದು 1958ರಲ್ಲಿ ಅವರಿಗೆ ಹೇಗೆ ಗೊತ್ತಿತ್ತು? ಸೂಕ್ಷ್ಮದರ್ಶಕದಲ್ಲಿ ನೋಡಿದರೇ?

ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಅದು ಸಾಧ್ಯವೇ ಇಲ್ಲ. ಕಣ್ಣಿಗೆ ಕಾಣುವ ಬೆಳಕಿನ ಅಲೆ ಪರಮಾಣುಗಳ ನಡುವಿನ ಅಂತರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಉದ್ದ. ದಪ್ಪ ಕೈಗವಸು ತೊಟ್ಟು ರಾಗಿ ಕಾಳುಗಳನ್ನು ಎಣಿಸಹೊರಟಂತೆ ಅದು. ಎಣಿಸಲು ಸಣ್ಣ ಬೆರಳೇ ಬೇಕು. ಆ ಸಣ್ಣ ಬೆರಳು 1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಎಕ್ಸ್ ಕಿರಣ. ಅದರ ಅಲೆಯ ಉದ್ದ ಪರಮಾಣುಗಳ ನಡುವಿನ ಅಂತರಕ್ಕೆ ಸರಿಸುಮಾರು ಸಮ.

1912ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮಾಕ್ಸ್ ಫಾನ್ ಲಾವೆಯ ಸಲಹೆಯಂತೆ ಇಬ್ಬರು ಪ್ರಯೋಗಕಾರರು ಒಂದು ಹರಳಿನ ಮೂಲಕ ಎಕ್ಸ್ ಕಿರಣ ಹಾಯಿಸಿದರು. ಆ ಹರಳು ಯಾವುದೆಂದು ಊಹಿಸಿ. ಶಾಲೆಯ ಪ್ರಯೋಗಾಲಯದಲ್ಲಿ ಮಕ್ಕಳು ತಾವೇ ಬೆಳೆಸುವ ನೀಲಿ ಮೈಲುತುತ್ತ! ಹಿಂದೆ ಇಟ್ಟಿದ್ದ ಛಾಯಾಫಲಕದ ಮೇಲೆ ಕ್ರಮಬದ್ಧವಾದ ಚುಕ್ಕೆಗಳು ಮೂಡಿದವು. ಹರಳಿನೊಳಗೆ ಪರಮಾಣುಗಳು ಸಾಲಾಗಿ ನಿಂತಿವೆ ಎಂಬುದಕ್ಕೆ ಅದು ಸಾಕ್ಷಿ. ಚುಕ್ಕೆಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಪರಮಾಣುಗಳ ಜಾಗ ಗುರುತಿಸುವ ವಿಧಾನವನ್ನು ಇಂಗ್ಲೆಂಡಿನ ವಿಲಿಯಂ ಹೆನ್ರಿ ಬ್ರಾಗ್ ಮತ್ತು ಅವರ ಮಗ ಲಾರೆನ್ಸ್ ಬ್ರಾಗ್ ತೋರಿಸಿದರು. ತಂದೆ ಮಗ ಇಬ್ಬರಿಗೂ ಕೂಡಿಯೇ 1915ರ ನೊಬೆಲ್ ಬಹುಮಾನ ಬಂತು. ಆಗ ಮಗನ ವಯಸ್ಸು 25.

ಈ ಕಥೆಗೂ ಬ್ರಸೆಲ್ಸಿಗೂ ನಂಟಿದೆ. ಸೋಡಾ ತಯಾರಿಸಿ ಶ್ರೀಮಂತರಾದ ಬೆಲ್ಜಿಯಂನ ಅರ್ನೆಸ್ಟ್ ಸಾಲ್ವೆಯವರ ಹಣದಿಂದ 1911ರಲ್ಲಿ ಆ ನಗರದಲ್ಲಿ ಭೌತವಿಜ್ಞಾನಿಗಳ ಸಮ್ಮೇಳನ ಶುರುವಾಯಿತು. 1913ರ ಎರಡನೆಯ ಸಮ್ಮೇಳನದ ವಿಷಯವೇ 'ವಸ್ತುವಿನ ರಚನೆ'. ಲಾವೆ ಮತ್ತು ಹಿರಿಯ ಬ್ರಾಗ್ ಇಬ್ಬರೂ ಅದಕ್ಕೆ ಬಂದಿದ್ದರು. ನಾಲ್ಕು ವರ್ಷಗಳ ನಂತರ, 1917ರಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿದ್ದ ಆಲ್ಬರ್ಟ್ ಹಲ್ ಎಂಬವರು ಕಬ್ಬಿಣದ ರಚನೆಯನ್ನು ಬಿಡಿಸಿ ಹೇಳಿದರು. ಒಂದು ಘನಾಕೃತಿಯ ಎಂಟು ಮೂಲೆಗಳಲ್ಲಿ ಎಂಟು ಪರಮಾಣು, ನಟ್ಟನಡುವೆ ಒಂದು. 'ಬಿಸಿಸಿ' ರಚನೆ ಎನ್ನುವುದು ಇದನ್ನೇ. ವಾಟರ್‌ಕೈನ್ ಹುಟ್ಟಿದ ವರ್ಷವೇ ಗೊತ್ತಾದ ಆ ಸಂಗತಿಯನ್ನು ಅವರು ನಲವತ್ತೊಂದನೆಯ ವಯಸ್ಸಿನಲ್ಲಿ ಬಯಲಲ್ಲಿ ನಿಲ್ಲಿಸಿದರು.

ಲೆಕ್ಕ ಮಾಡಿ ನೋಡಬಹುದು

16,500 ಕೋಟಿ ಪಟ್ಟು ಎಂಬುದು ಬಾಯಿಮಾತೇ? ಅಲ್ಲ. ಹೈಸ್ಕೂಲಿನ ಗಣಿತ ಬಲ್ಲವರು ತಾಳೆ ನೋಡಬಹುದು.

ಘನದ ಅಂಚಿನ ಮೇಲಿರುವ ಕೊಳವೆಗಳ ಉದ್ದ ಸುಮಾರು 29 ಮೀಟರ್. ಕೊಳವೆಯ ಎರಡೂ ತುದಿಗೆ ಒಂದೊಂದು ಗೋಳ. ಗೋಳದ ತ್ರಿಜ್ಯ 9 ಮೀಟರ್. ಹಾಗಾದರೆ ಗೋಳದ ಕೇಂದ್ರದಿಂದ ಕೇಂದ್ರಕ್ಕೆ 29 ಕೂಡಿಸು 18, ಅಂದರೆ ಸುಮಾರು 47 ಮೀಟರ್. ನಿಜವಾದ ಕಬ್ಬಿಣದಲ್ಲಿ ಇದೇ ಅಂತರ 0.287 ನ್ಯಾನೊಮೀಟರ್. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೊಮೀಟರ್. 47ನ್ನು 0.287ರಿಂದ ಭಾಗಿಸಿ ನೂರು ಕೋಟಿಯಿಂದ ಗುಣಿಸಿದರೆ ಬರುವುದು 16,400 ಕೋಟಿಯ ಹತ್ತಿರ. 47ರ ಬದಲು ಇನ್ನೂ ನಿಖರವಾಗಿ 47.3 ಎಂದು ಹಿಡಿದರೆ 16,500 ಕೋಟಿ ಸರಿಯಾಗಿ ಬರುತ್ತದೆ.

ಎತ್ತರವನ್ನೂ ಪರೀಕ್ಷಿಸಬಹುದು. ಘನದ ಒಂದು ಮೂಲೆಯಿಂದ ಎದುರಿನ ಮೂಲೆಗೆ ಒಳಗಿನಿಂದ ಎಳೆದ ಕರ್ಣ ಅಂಚಿನ 1.732 ಪಟ್ಟು. 47.3ಕ್ಕೆ ಅದು ಸುಮಾರು 82 ಮೀಟರ್. ಮೇಲೊಂದು ಕೆಳಗೊಂದು ಅರ್ಧ ಗೋಳಕ್ಕೆಂದು 18 ಮೀಟರ್ ಕೂಡಿಸಿದರೆ 100. ಕೆಳಗಿನ ಪೀಠದ ಎತ್ತರವೂ ಸೇರಿ 102. ಪೈಥಾಗೊರಸನ ಪ್ರಮೇಯ ಯಾವ ಕೆಲಸಕ್ಕೆ ಬರುತ್ತದೆಂದು ಕೇಳುವ ಮಕ್ಕಳಿಗೆ ಇದೊಂದು ಉತ್ತರ.

ಮಾದರಿ ಬಿಟ್ಟದ್ದೇನು?

ಮಾದರಿ ಎಂದಮೇಲೆ ಅದು ಕೆಲವನ್ನು ತೋರಿಸುತ್ತದೆ, ಕೆಲವನ್ನು ಬಿಡುತ್ತದೆ. ಆಟೋಮಿಯಂ ಬಿಟ್ಟದ್ದನ್ನೂ ತಿಳಿದುಕೊಂಡರೆ ಪಾಠ ಪೂರ್ತಿಯಾಗುತ್ತದೆ.

ಮೊದಲನೆಯದು ಕೊಳವೆಗಳು. 12 ಅಂಚುಗಳು ಮತ್ತು ನಡುವಿನ ಗೋಳದಿಂದ ಮೂಲೆಗಳಿಗೆ ಹೋಗುವ 8 ದಾರಿಗಳು, ಒಟ್ಟು 20 ಕೊಳವೆ. ನಿಜವಾದ ಕಬ್ಬಿಣದಲ್ಲಿ ಇಂಥ ಕಡ್ಡಿಗಳೇನೂ ಇಲ್ಲ. ಪರಮಾಣುಗಳನ್ನು ಹಿಡಿದಿಟ್ಟಿರುವುದು ಲೋಹದ ತುಂಬ ಅಡ್ಡಾಡುವ ಎಲೆಕ್ಟ್ರಾನುಗಳು ಮತ್ತು ವಿದ್ಯುದಾಕರ್ಷಣೆ.

ಎರಡನೆಯದು ಗೋಳಗಳ ಗಾತ್ರ. ನಡುವಿನ ಪರಮಾಣು ಮೂಲೆಯ ಎಂಟೂ ಪರಮಾಣುಗಳಿಗೆ ತಾಗಿಕೊಂಡೇ ಇರುತ್ತದೆ ಎನ್ನಬಹುದು. ಆಟೋಮಿಯಂನಲ್ಲಿ ಹಾಗೆ ಮಾಡಬೇಕಿದ್ದರೆ ಗೋಳದ ವ್ಯಾಸ 18ರ ಬದಲು 41 ಮೀಟರ್ ಆಗಬೇಕಿತ್ತು. ಆಗ ಅದು ಲಾಡು ಪೇರಿಸಿಟ್ಟಂತೆ ಕಾಣುತ್ತಿತ್ತೇ ಹೊರತು ಒಳಗಿನ ಜೋಡಣೆ ತಿಳಿಯುತ್ತಿರಲಿಲ್ಲ. ತಿಳಿಯಲೆಂದೇ ಕುಗ್ಗಿಸಿದ್ದಾರೆ.

ಮೂರನೆಯದು ಎಣಿಕೆ. ಕಣ್ಣಿಗೆ ಒಂಬತ್ತು ಗೋಳ, ಲೆಕ್ಕಕ್ಕೆ ಎರಡೇ! ಕಬ್ಬಿಣದೊಳಗೆ ಇಂಥ ಘನಗಳು ಒಂದಕ್ಕೊಂದು ಅಂಟಿ ಕೋಟಿ ಕೋಟಿ ಇವೆ. ಪ್ರತಿ ಮೂಲೆಯ ಪರಮಾಣುವಿನ ಮೇಲೂ ಸುತ್ತಲಿನ ಎಂಟು ಘನಗಳಿಗೆ ಸಮಪಾಲು. ಹೀಗಾಗಿ ಎಂಟು ಮೂಲೆಗಳ ಎಂಟನೇ ಒಂದು ಪಾಲುಗಳು ಕೂಡಿ ಒಂದು, ನಡುವಿನದು ಪೂರ್ತಿ ಒಂದು, ಒಟ್ಟು ಎರಡು. ನಾಲ್ಕು ಮನೆ ಸೇರುವ ಮೂಲೆಯ ಕಂಬದಲ್ಲಿ ಒಂದೊಂದು ಮನೆಗೆ ಕಾಲು ಪಾಲು ಬರುವಂತೆಯೇ ಇದು.

ಇನ್ನೊಂದು ಸಂಗತಿ. ಈ ಜೋಡಣೆ ಕಬ್ಬಿಣಕ್ಕೆ ಶಾಶ್ವತವಲ್ಲ. 912 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ನಡುವಿನ ಪರಮಾಣು ಇಲ್ಲದ, ಬದಲಿಗೆ ಘನದ ಆರು ಮುಖಗಳ ಮಧ್ಯೆ ಒಂದೊಂದು ಪರಮಾಣು ಇರುವ ಬೇರೆ ಜೋಡಣೆ ಬರುತ್ತದೆ. ಆ ಸ್ಥಿತಿಯ ಕಬ್ಬಿಣ ಇಂಗಾಲವನ್ನು ಹೆಚ್ಚು ಸೇರಿಸಿಕೊಳ್ಳುತ್ತದೆ. ಕುಲುಮೆಯಲ್ಲಿ ಕುಡುಗೋಲನ್ನು ಕೆಂಪಗೆ ಕಾಯಿಸಿ ಚುಂಯ್ ಎಂದು ನೀರಿಗೆ ಅದ್ದಿದಾಗ, ಪರಮಾಣುಗಳು ಹಳೆಯ ಜೋಡಣೆಗೆ ಮರಳುವ ಅವಸರದಲ್ಲಿ ಇಂಗಾಲ ಹೊರಬರಲಾಗದೆ ಒಳಗೇ ಸಿಕ್ಕಿಬೀಳುತ್ತದೆ. ಅಲಗು ಗಟ್ಟಿಯಾಗುವುದು ಅದರಿಂದ. ಕಮ್ಮಾರರು ಸಾವಿರಾರು ವರ್ಷಗಳಿಂದ ಆಟೋಮಿಯಂ ಕಟ್ಟಿ ಬಿಚ್ಚುತ್ತಲೇ ಬಂದಿದ್ದಾರೆ, ಹೆಸರು ಗೊತ್ತಿರಲಿಲ್ಲ ಅಷ್ಟೆ.

ಮೂಲೆಯ ಮೇಲೆ ನಿಂತ ಘನ

ವಾಟರ್‌ಕೈನ್ ಘನವನ್ನು ಪೆಟ್ಟಿಗೆಯಂತೆ ನೆಲಕ್ಕೆ ಒರಗಿಸಲಿಲ್ಲ, ಮೂಲೆಯ ಮೇಲೆ ನಿಲ್ಲಿಸಿದರು. ದಾಳವೊಂದನ್ನು ಒಂದು ಮೂಲೆಯ ಮೇಲೆ ನೆಟ್ಟಗೆ ಹಿಡಿದರೆ ಇದು ಅರ್ಥವಾಗುತ್ತದೆ. ಕೆಳಗೆ ಒಂದು ಮೂಲೆ, ಅದರ ಮೇಲೆ ಮೂರು, ಮತ್ತೂ ಮೇಲೆ ಮೂರು, ತುದಿಗೆ ಒಂದು. ನಟ್ಟನಡುವೆ ಕಾಣದ ಒಂದು. ಗೋಳಗಳ ಸಾಲು ಹೀಗೆ ಒಂದು, ಮೂರು, ಒಂದು, ಮೂರು, ಒಂದು. ಇದರಿಂದ ಎರಡು ಲಾಭ. ಎತ್ತರ ಹೆಚ್ಚುತ್ತದೆ. ಕೆಳಗಿನ, ನಡುವಿನ, ತುದಿಯ ಮೂರು ಗೋಳಗಳು ಒಂದೇ ಲಂಬರೇಖೆಯಲ್ಲಿ ಬರುವುದರಿಂದ ಲಿಫ್ಟಿಗೆ ನೇರ ದಾರಿ ಸಿಗುತ್ತದೆ. 1958ರಲ್ಲಿ ಆ ಲಿಫ್ಟ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹೋಗಬಲ್ಲದ್ದಾಗಿತ್ತು; 92 ಮೀಟರ್ ಎತ್ತರವನ್ನು 23 ಸೆಕೆಂಡಿನಲ್ಲಿ ಮುಟ್ಟುತ್ತಿತ್ತು. ಹೊರಡುವಾಗ ಮತ್ತು ನಿಲ್ಲುವಾಗ ವೇಗ ಕಡಿಮೆ ಇರುವುದರಿಂದ ಸರಾಸರಿ 4 ಮೀಟರ್ ಮಾತ್ರ.

ಮೂಲೆಯ ಮೇಲೆ ನಿಂತ ವಸ್ತುವಿಗೆ ಬೀಳುವ ಚಟ ಇದ್ದೇ ಇದೆ. ಮೊದಲ ನಕ್ಷೆಯಲ್ಲಿ ಆಸರೆ ಕಾಲುಗಳು ಇರಲಿಲ್ಲ. ಗಾಳಿ ಸುರಂಗದಲ್ಲಿ ಸಣ್ಣ ಮಾದರಿಯನ್ನಿಟ್ಟು ಪರೀಕ್ಷಿಸಿದಾಗ, ಗಂಟೆಗೆ 80 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಅದು ಮಗುಚಿಬೀಳುತ್ತದೆಂದು ತಿಳಿಯಿತು. ಅದಕ್ಕಿಂತ ಜೋರು ಗಾಳಿ ಬೆಲ್ಜಿಯಂನಲ್ಲಿ ಹೊಸದೇನಲ್ಲ. ಹೀಗಾಗಿ ಕೆಳಗಿನ ಮೂರು ಗೋಳಗಳಿಗೆ ಜೋಡಿಕಾಲಿನ ಮೂರು ಆಸರೆಗಳನ್ನು ಕೊಟ್ಟರು. ತುರ್ತು ಮೆಟ್ಟಿಲುಗಳೂ ಅವುಗಳಲ್ಲೇ ಇವೆ. ಮೇಲಿನ ಸಾಲಿನ ಮೂರು ಗೋಳಗಳಿಗೆ ಕೆಳಗಿನಿಂದ ನೇರ ಆಧಾರವಿಲ್ಲ. ಆದ್ದರಿಂದ ಅಲ್ಲಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಉಳಿದ ಗೋಳಗಳಲ್ಲಿ ಪ್ರದರ್ಶನ ಕೊಠಡಿಗಳಿವೆ, ತುದಿಯಲ್ಲಿ ಊರು ನೋಡುವ ಕಿಟಕಿಗಳಿವೆ. ಇಷ್ಟೆಲ್ಲದರ ತೂಕ ಸುಮಾರು 2,400 ಟನ್. ನಿಸರ್ಗದ ಕಬ್ಬಿಣಕ್ಕೆ ಇಂಥ ಊರುಗೋಲು ಬೇಕಿಲ್ಲ. ಅದೇ ಆಕಾರವನ್ನು ಗಾಳಿ ಬೀಸುವ ಬಯಲಿಗೆ ತಂದಾಗ ಬೇಕಾಯಿತು.

ಹೊಳಪಿನ ಹಿಂದೆ

ಆಟೋಮಿಯಂ ಎದ್ದ ಕಾಲದ ಹುರುಪನ್ನು ಇಂದು ಊಹಿಸುವುದು ಕಷ್ಟ. ಹಿರೋಷಿಮಾದ ಮೇಲೆ ಬಾಂಬು ಬಿದ್ದು 13 ವರ್ಷವಾಗಿತ್ತು. 1953ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ವಿಶ್ವಸಂಸ್ಥೆಯಲ್ಲಿ 'ಶಾಂತಿಗಾಗಿ ಪರಮಾಣು' ಎಂದು ಭಾಷಣ ಮಾಡಿದ್ದರು. ಪರಮಾಣುವಿನಿಂದ ಹೇರಳ ವಿದ್ಯುತ್ ಬರುತ್ತದೆ, ಬಡತನ ಹೋಗುತ್ತದೆ ಎಂಬ ನಂಬಿಕೆ ಎಲ್ಲೆಡೆ ಇತ್ತು. ಆಟೋಮಿಯಂ ಆ ನಂಬಿಕೆಯ ಗುರುತಾಯಿತು.

ಆ ಹೊಳಪಿಗೆ ಒಂದು ನೆರಳೂ ಇತ್ತು. ಆಫ್ರಿಕದ ಕಾಂಗೊ ಆಗ ಬೆಲ್ಜಿಯಂನ ವಸಾಹತು. ಅಮೆರಿಕ ಮೊದಲ ಪರಮಾಣು ಬಾಂಬುಗಳ ಯೋಜನೆಗೆ ಬಳಸಿದ ಯುರೇನಿಯಂನ ಬಹುಪಾಲು ಬಂದದ್ದು ಕಾಂಗೊದ ಶಿಂಕೊಲೊಬ್ವೆ ಗಣಿಯಿಂದ. ಆಟೋಮಿಯಂ ಹೊಳೆಯುತ್ತಿದ್ದ ಅದೇ ಪ್ರದರ್ಶನದಲ್ಲಿ ಕಾಂಗೊದ ಗಂಡಸರು, ಹೆಂಗಸರು, ಮಕ್ಕಳನ್ನು ಕರೆತಂದು ಬೇಲಿಯೊಳಗೆ ಹುಲ್ಲಿನ ಗುಡಿಸಲು ಹಾಕಿಸಿ, ಅವರು ಕೈಕಸುಬು ಮಾಡುವುದನ್ನು ನೋಡಲು ಜನರನ್ನು ಬಿಟ್ಟಿದ್ದರು. ಕೆಲವು ಪ್ರೇಕ್ಷಕರು ಬೇಲಿಯಾಚೆಯಿಂದ ದುಡ್ಡು, ಬಾಳೆಹಣ್ಣು ಎಸೆದು ಗೇಲಿ ಮಾಡಿದರು. ಆ ಜನ ಅವಮಾನ ಸಹಿಸದೆ ಜುಲೈನಲ್ಲೇ ಎದ್ದು ತಮ್ಮ ನಾಡಿಗೆ ಹೊರಟುಹೋದರು. 1960ರ ಜೂನ್ 30ರಂದು ಕಾಂಗೊ ಸ್ವತಂತ್ರವಾಯಿತು. ಪರಮಾಣುವಿನ ಒಳಗನ್ನು ಕಂಡ ಕಣ್ಣಿಗೆ ಎದುರಿಗಿದ್ದ ಮನುಷ್ಯ ಕಾಣದೇ ಹೋದ ಈ ಸಂಗತಿಯನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ವಿಜ್ಞಾನ ಬೆಳೆದ ಮಾತ್ರಕ್ಕೆ ವಿವೇಕ ಬೆಳೆಯುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಈಗ ಮೊದಲು ಹೇಳಿದ ತಿದ್ದುಪಡಿಯನ್ನು ನೆನಪಿಸಿಕೊಳ್ಳಬೇಕು. ಪರಮಾಣು ಶಕ್ತಿ ಅಡಗಿರುವುದು ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸಿನಲ್ಲಿ. ಆಟೋಮಿಯಂನ ಅಳತೆಗೆ ಹಿಗ್ಗಿಸಿದರೂ ಕಬ್ಬಿಣದ ನ್ಯೂಕ್ಲಿಯಸ್ ಸುಮಾರು ಒಂದೂವರೆ ಮಿಲಿಮೀಟರ್, ಬರೀ ಒಂದು ಸಾಸಿವೆ ಕಾಳು! ಆಟೋಮಿಯಂ ಅದನ್ನು ತೋರಿಸುವುದೇ ಇಲ್ಲ. ಅಷ್ಟೇ ಅಲ್ಲ, ಯುರೇನಿಯಂನಂಥ ಭಾರದ ನ್ಯೂಕ್ಲಿಯಸ್ ಒಡೆದರೆ ಶಕ್ತಿ ಬರುತ್ತದೆ, ಹೈಡ್ರೋಜನ್ನಿನಂಥ ಹಗುರ ನ್ಯೂಕ್ಲಿಯಸ್‌ಗಳು ಬೆಸೆದರೆ ಶಕ್ತಿ ಬರುತ್ತದೆ. ಕಬ್ಬಿಣದ ನ್ಯೂಕ್ಲಿಯಸ್ ಅತ್ಯಂತ ಬಿಗಿಯಾಗಿ ಹೆಣೆದವುಗಳ ಗುಂಪಿಗೆ ಸೇರಿದ್ದು. ಅದನ್ನು ಒಡೆದರೂ ಶಕ್ತಿ ಇಲ್ಲ, ಬೆಸೆದರೂ ಇಲ್ಲ. ದೊಡ್ಡ ನಕ್ಷತ್ರಗಳ ಗರ್ಭದ ಒಲೆ ಆರುವುದೂ ಕಬ್ಬಿಣದ ಹಂತಕ್ಕೆ ಬಂದಾಗಲೇ. ಪರಮಾಣು ಯುಗದ ಗುರುತೆಂದು ಜಗತ್ತು ಕೊಂಡಾಡಿದ ಕಟ್ಟಡ ತೋರಿಸುತ್ತಿದ್ದದ್ದು ಪರಮಾಣು ಶಕ್ತಿಯನ್ನು ಕೊಡಲಾರದ ಧಾತುವನ್ನು!

ಹೊಸ ಮೈ

ಆರು ತಿಂಗಳಿಗೆಂದು ಹೊದಿಸಿದ ಅಲ್ಯೂಮಿನಿಯಂ ಹಾಳೆಗಳು ದಶಕಗಳು ಕಳೆದಂತೆ ಮಂಕಾದವು, ಮಳೆನೀರು ಒಳಗೆ ಇಳಿಯತೊಡಗಿತು. 2004ರಲ್ಲಿ ಕಟ್ಟಡವನ್ನು ಮುಚ್ಚಿ ದೊಡ್ಡ ದುರಸ್ತಿ ಕೈಗೊಂಡರು. ಹಳೆಯ ತ್ರಿಕೋನದ ಹಾಳೆಗಳನ್ನು ತೆಗೆದು, ಸ್ಟೇನ್‌ಲೆಸ್ ಸ್ಟೀಲಿನ ಹೊದಿಕೆ ಹಾಕಿದರು. ತೆಗೆದ ಹಾಳೆಗಳನ್ನು ಒಂದೊಂದಕ್ಕೆ 1,000 ಯೂರೊದಂತೆ ನೆನಪಿನ ಕಾಣಿಕೆಯಾಗಿ ಮಾರಿ ದುರಸ್ತಿಯ ಖರ್ಚಿಗೆ ಸೇರಿಸಿಕೊಂಡರು. 2006ರ ಫೆಬ್ರವರಿಯಲ್ಲಿ ಬಾಗಿಲು ಮತ್ತೆ ತೆರೆಯಿತು. ವಾಟರ್‌ಕೈನ್ ಅದನ್ನು ನೋಡಲಿಲ್ಲ. 2005ರ ಅಕ್ಟೋಬರಿನಲ್ಲೇ ತೀರಿಕೊಂಡಿದ್ದರು.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಹೆಚ್ಚಿನ ಪಾಲು ಕಬ್ಬಿಣವೇ. ಜೊತೆಗಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಮೇಲೊಂದು ತೆಳುಪೊರೆ ಕಟ್ಟುವುದರಿಂದ ತುಕ್ಕು ಹಿಡಿಯುವುದಿಲ್ಲ. ಅಡುಗೆಮನೆಯ ಲೋಟ, ತಟ್ಟೆ ಹೊಳೆಯುವುದೂ ಇದರಿಂದಲೇ. ಕಬ್ಬಿಣದ ಹರಳಿಗೆ ಕಬ್ಬಿಣದ ಮೈ ಬರಲು ಹೀಗೆ 48 ವರ್ಷ ಹಿಡಿಯಿತು.

1958ರ ಕನಸುಗಳಲ್ಲಿ ಕೆಲವು ಕೈಗೂಡಿದವು, ಹಲವು ಮಂಕಾದವು. 1986ರ ಚೆರ್ನೋಬಿಲ್ ದುರಂತದ ನಂತರ ಪರಮಾಣುವಿನ ಹೆಸರು ಕೇಳಿ ಹಿಗ್ಗುವವರಷ್ಟೇ ಹೆದರುವವರೂ ಆದರು. ಆದರೆ ಆಟೋಮಿಯಂ ಹೇಳಿದ ಸಂಗತಿಯಲ್ಲಿ ಒಂದಕ್ಷರವೂ ಸುಳ್ಳಾಗಲಿಲ್ಲ. ಜನ ಅದಕ್ಕೆ ಹಚ್ಚಿದ ಅರ್ಥ ಹಳತಾಯಿತು, ಎಂಟು ಮೂಲೆ ಒಂದು ನಡು ಎಂಬ ಅದರ ಲೆಕ್ಕ ಹಳತಾಗಲಿಲ್ಲ. ಮಾದರಿಯನ್ನು ನೋಡುವಾಗ ಎರಡು ಪ್ರಶ್ನೆ ಕೇಳಬೇಕು: ಇದು ಏನನ್ನು ತೋರಿಸುತ್ತಿದೆ, ಏನನ್ನು ಬಿಟ್ಟಿದೆ? ಪರೀಕ್ಷೆಯಲ್ಲಿ ಬರುವ ಚಿತ್ರಕ್ಕೂ, ಜಾಹೀರಾತಿನ ಭರವಸೆಗೂ, ದೊಡ್ಡವರು ಕಟ್ಟುವ ಕನಸಿಗೂ ಈ ಎರಡು ಪ್ರಶ್ನೆ ಸಲ್ಲುತ್ತವೆ.

ಬಿಡುವಿದ್ದ ಭಾನುವಾರ ತಂದೆತಾಯಿಯರು ಮಕ್ಕಳೊಡನೆ ಕೂತು ಮನೆಯಲ್ಲೇ ಒಂದು ಆಟೋಮಿಯಂ ಮಾಡಬಹುದು. ಜೇಡಿಮಣ್ಣಿನ ಒಂಬತ್ತು ಉಂಡೆ ಸಾಕು. ಪೊರಕೆಕಡ್ಡಿಯಲ್ಲಿ 15 ಸೆಂಟಿಮೀಟರಿನ 12 ತುಂಡು ಅಂಚುಗಳಿಗೆ, 13 ಸೆಂಟಿಮೀಟರಿನ 8 ತುಂಡು ನಡುವಿನಿಂದ ಮೂಲೆಗಳಿಗೆ. ಕಡ್ಡಿಯ ತುದಿ ಉಂಡೆಯ ಕೇಂದ್ರದ ತನಕ ಹೋಗಬೇಕು. ಕಟ್ಟಿದ ಮೇಲೆ ಒಂದು ಮೂಲೆಯ ಮೇಲೆ ನಿಲ್ಲಿಸಿ ನೋಡಲಿ. ಅದು ಖಂಡಿತ ಬೀಳುತ್ತದೆ. ಎಲ್ಲಿಗೆ ಆಸರೆ ಕೊಡಬೇಕೆಂಬುದನ್ನು ಮಕ್ಕಳೇ ಕಂಡುಕೊಳ್ಳಲಿ.